ಕೈಗವಸಿನ ಕೌಂಟರ್

ಡೆಟ್ರಾಯಿಟ್‌ನ ಆ ಭಾರಿ ಅಂಗಡಿಯಲ್ಲಿ ಅರ್ಡೆಲ್ ಮದುವೆಗೆ ಮೊದಲಿನಿಂದಲೂ ಕೈಗವಸು ಮಾರುತ್ತಿದ್ದಳು. ಗಿರಾಕಿ ಕೌಂಟರಿನ ಮೇಲಿನ ಪುಟ್ಟ ಮೆತ್ತೆಯ ಮೇಲೆ ಮೊಣಕೈ ಊರಿದರೆ, ಬೆರಳಿಗೆ ಪೌಡರ್ ಹಾಕಿ ಇವಳೇ ತೊಡಿಸಬೇಕು. ಗಂಡ ಲೆಸ್ಟರ್‌ನ ಕೈಯನ್ನು ಮೊದಲು ಹಿಡಿದದ್ದೂ ಅಲ್ಲಿಯೇ. ಈ ವಸಂತದಲ್ಲಿ ಅವನು ತೀರಿಕೊಂಡ. ಈಗ ಅಂಗಡಿಯೂ ಮುಚ್ಚುತ್ತಿತ್ತು.

"ಎಲ್ಲಾ ರಾಶಿ ಹಾಕಮ್ಮ, ಜನ ಬಾಚ್ಕೊಂಡು ಹೋಗ್ಲಿ," ಎಂದ ಮ್ಯಾನೇಜರ್.

"ಆಲೂಗಡ್ಡೆ ಅಲ್ಲ ಸಾರ್ ಇವು. ಕೊನೇ ಜೊತೆವರೆಗೂ ತೊಡಿಸೇ ಕೊಡೋದು."

ಜೀನ್ಸ್ ತೊಟ್ಟ ಹುಡುಗಿಯೊಬ್ಬಳು ಮೊಣಕೈ ಇಟ್ಟು ನಕ್ಕಳು. "ಏನಜ್ಜಿ, ಭವಿಷ್ಯ ಹೇಳ್ತೀರಾ?"

"ಅದು ಗೊತ್ತಿದ್ದಿದ್ರೆ ಈ ಅಂಗಡಿಗೆ ಸೇರ್ತಿದ್ನಾ? ಬೆರಳು ಸಡಿಲ ಬಿಡು."

ಗವಸು ಕೈಗೆ ಅಂಟಿದಂತೆ ಕೂತಿತು. ಹುಡುಗಿ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಅದನ್ನು ಕಂಡ ಹೆಂಗಸರು ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಸಾಲು ನಿಂತರು. ಮ್ಯಾನೇಜರ್ ಬಂದು ಪೌಡರ್ ಡಬ್ಬಿ ಹಿಡಿದುಕೊಂಡ.

"ಚೆಲ್ಬೇಡಿ ಸಾರ್," ಎಂದಳು ಅರ್ಡೆಲ್.