ವಾಪಸಣ್ಣನ ಒಂದೇ ಚುನಾವಣೆ

ಬೀದಿ ಕರೆದ ಹೆಸರು ವಾಪಸಣ್ಣ. ತೀರಿಕೊಂಡಾಗ ವಯಸ್ಸು ಅರವತ್ತೆರಡು. ಕಸುಬು ಇಸ್ತ್ರಿ. ತನ್ನವರೆಂದರೆ ಹೆಂಡತಿ, ಮದುವೆಯಾಗಿ ಪರವೂರಿನಲ್ಲಿ ನೆಲೆಸಿದ ಮಗಳು, ಬೀದಿಯ ಮೂಲೆಯಲ್ಲಿ ಹಿಟ್ಟಿನ ಗಿರಣಿ ನಡೆಸುವ, ಗಂಡನನ್ನು ಕಳೆದುಕೊಂಡ ಒಬ್ಬಳೇ ತಂಗಿ.

ಆ ಹೆಸರನ್ನು ಅವನು ದುಡಿದು ಸಂಪಾದಿಸಿದ್ದ. ನಗರಸಭೆಗೆ ಚುನಾವಣೆ ಬಂದಾಗಲೆಲ್ಲ ಪಕ್ಷ ತನಗೇ ಟಿಕೆಟ್ ಕೊಡುವುದೆಂದು ಕಾಯುವುದು, ಕೊಡದಿದ್ದಾಗ ಸಿಟ್ಟಿಗೆದ್ದು ಪಕ್ಷೇತರನಾಗಿ ನಾಮಪತ್ರ ಹಾಕುವುದು, ಹಿಂದಕ್ಕೆ ಪಡೆಯುವ ಕಡೆಯ ದಿನ ಪಕ್ಷದ ನಗರಾಧ್ಯಕ್ಷರು ಕಾರು ಕಳಿಸಿ ಕರೆಸಿಕೊಂಡು ಹೆಗಲ ಮೇಲೆ ಕೈಯಿಟ್ಟರೆ ಕರಗಿ ನೀರಾಗಿ ಸಹಿ ಹಾಕಿ ಬರುವುದು, ಇದೇ ಅವನ ರಾಜಕೀಯ. ಪ್ರತಿಫಲವಾಗಿ ದೊರೆತದ್ದು ವಾರ್ಡು ಘಟಕದ ಉಪಾಧ್ಯಕ್ಷಗಿರಿ, ವೇದಿಕೆಯ ಹಿಂದಿನ ಸಾಲಿನಲ್ಲೊಂದು ಕುರ್ಚಿ ಮತ್ತು ಅಧ್ಯಕ್ಷರ ಬಿಳಿ ಅಂಗಿಗಳಿಗೆ ಇಸ್ತ್ರಿ ಹಾಕುವ ಭಾಗ್ಯ. ಹಾಗೆಂದು ಅವನು ಕೆಲಸಗೇಡಿಯಲ್ಲ. ಬೀದಿದೀಪ ಕೆಟ್ಟರೆ, ನಲ್ಲಿಯಲ್ಲಿ ನೀರು ನಿಂತರೆ ನಗರಸಭೆಯ ಬಾಗಿಲಲ್ಲಿ ಕುಳಿತು, ಕೆಲಸ ಮಾಡಿಸಿಕೊಂಡೇ ಏಳುತ್ತಿದ್ದ. ಜನ ಕೆಲಸ ಮಾಡಿಸಿಕೊಂಡರು, ಬೆನ್ನ ಹಿಂದೆ ನಕ್ಕರು. ಮುಖದ ಮುಂದೆಯೂ ನಕ್ಕರು.

ಆ ವರ್ಷ ಬೀದಿಯ ತುದಿಯ ಬಯಲಿನಲ್ಲಿ ಊರಿನ ಕಸವನ್ನೆಲ್ಲ ತಂದು ಸುರಿಯುವ ಯೋಜನೆ ಬಂತು. ಅಧ್ಯಕ್ಷರ ಪಕ್ಷವೇ ಅದರ ಬೆನ್ನಿಗೆ ನಿಂತಿತ್ತು. ವಾರ್ಡಿನ ಸದಸ್ಯರು ಒಪ್ಪದೆ ಅಲ್ಲಿ ಲಾರಿ ಬರುವಂತಿರಲಿಲ್ಲ. ಆದ್ದರಿಂದ ಬೀದಿಯವರು ಸೇರಿ ಗಿರಣಿಯವಳನ್ನೇ ಪಕ್ಷೇತರ ಅಭ್ಯರ್ಥಿಯಾಗಿ ನಿಲ್ಲಿಸಿದರು. ಯಾರ ಮನೆಯಲ್ಲಿ ಕಾಳು ಮುಗಿದಿದೆಯೆಂದು ಬಲ್ಲವಳು, ಯಾರ ಮುಖಕ್ಕೂ ಹೆದರದವಳು. ವಾಪಸಣ್ಣ ಅದಕ್ಕೂ ಮೊದಲೇ ಎಂದಿನಂತೆ ತನ್ನ ನಾಮಪತ್ರ ಹಾಕಿಬಿಟ್ಟಿದ್ದ. ಹೇಗೂ ಹಿಂದಕ್ಕೆ ಪಡೆಯುವವನೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಕಡೆಯ ದಿನ ಕಾರು ಬಂತು. ಅಧ್ಯಕ್ಷರು ಹೆಗಲ ಮೇಲೆ ಕೈಯಿಟ್ಟರು.

"ಈ ಸಲ ವಾಪಸ್ ಬೇಡಪ್ಪ. ನಿಲ್ಲು. ಎಷ್ಟು ವರ್ಷ ಅಂತ ನಿನ್ನನ್ನ ತಡೀಲಿ? ನಿನ್ನ ಹಿಂದೆ ಜನ ಇದಾರೆ."

ಅವನ ಕಾಲು ನೆಲಕ್ಕೆ ತಾಗಲಿಲ್ಲ. ಮನೆಗೆ ಬಂದು ಹೇಳಿದರೆ, ಬಟ್ಟೆಗೆ ನೀರು ಚಿಮುಕಿಸುತ್ತಿದ್ದ ಹೆಂಡತಿ ಕೈ ನಿಲ್ಲಿಸಿದಳು.

"ಟಿಕೆಟ್ ಕೊಟ್ರಾ?"

"ಇಲ್ಲ. ನಿಲ್ಲು ಅಂದ್ರು."

"ಅಲ್ರೀ, ಟಿಕೆಟ್ ಇನ್ನೊಬ್ಬನಿಗೆ, ನಿಲ್ಲೋಕೆ ನೀವಾ? ಹುಲಿ ಹಿಡಿಯೋಕೆ ಮರಕ್ಕೆ ಮೇಕೆ ಕಟ್ತಾರಲ್ಲ, ಅದೂ ಹೀಗೇ ಎದೆ ಉಬ್ಬಿಸ್ಕೊಂಡು ನಿಂತಿರುತ್ತೆ."

"ನಿನಗೆ ರಾಜಕೀಯ ಏನು ಗೊತ್ತು?"

"ಮೇಕೆ ಗೊತ್ತು."

ಅಷ್ಟರಲ್ಲಿ ತಂಗಿ ಬಂದಳು. ಗಿರಣಿ ನಿಲ್ಲಿಸಿ, ಹುಬ್ಬಿನ ಮೇಲಿನ ಹಿಟ್ಟನ್ನೂ ಒರೆಸದೆ ಬಂದಿದ್ದಳು.

"ಅಣ್ಣ, ಇನ್ನೂ ಹೊತ್ತಿದೆ. ನಡಿ, ಸಹಿ ಹಾಕಿ ಬರೋಣ."

"ನೀನೇ ತಗೋ ವಾಪಸ್."

"ನನ್ನನ್ನ ಬೀದಿ ನಿಲ್ಲಿಸಿದೆ. ನಿನ್ನನ್ನ ಯಾರು ನಿಲ್ಲಿಸಿದ್ದು? ನಿನಗೆ ಬೀಳೋದೆಲ್ಲ ನನ್ನ ವೋಟು ಕಣೋ. ನೀನು ನಿಂತ್ರೆ ನಾನು ಸೋಲ್ತೀನಿ, ಕಸ ಬರುತ್ತೆ. ಅಷ್ಟೇ."

ವಾಪಸಣ್ಣನಿಗೆ ತಿಳಿಯಲಿಲ್ಲವೆಂದಲ್ಲ. ಚೆನ್ನಾಗಿ ತಿಳಿಯಿತು. ಬಯಲಿನ ಗಾಳಿ ಮೊದಲು ಬಡಿಯುವುದು ತನ್ನ ಅಂಗಡಿಗೇ ಎಂಬುದೂ ತಿಳಿದಿತ್ತು.

"ಕಂಡೋರಿಗೆಲ್ಲ ವಾಪಸ್ ತಗೊಂಡೆ. ಒಡಹುಟ್ಟಿದೋಳಿಗೆ ಒಂದ್ ಸಲ ತಗೊಳ್ಳೋ."

"ಅದಕ್ಕೇ ಆಗಲ್ಲ. ಅವರು ದೊಡ್ಡೋರು, ಬಗ್ಗಿದೆ. ನಿನಗೂ ಬಗ್ಗಿದ್ರೆ ನಾನು ಸಾಯೋವರೆಗೂ ವಾಪಸಣ್ಣನೇ."

ತಂಗಿ ಬಾಗಿಲಲ್ಲೇ ಕಾದು ನಿಂತಳು. ಅವನು ಇಸ್ತ್ರಿಪೆಟ್ಟಿಗೆಯ ಕೆಂಡ ಕೆದಕುತ್ತ ಕುಳಿತ. ಹೊತ್ತು ಮೀರಿತು.

ಅವನಿಗೆ ಬಕೆಟ್ಟಿನ ಗುರುತು ಸಿಕ್ಕಿತು. ಹೊಸ ಬಕೆಟ್ಟು ಹಿಡಿದು ಮನೆಮನೆಗೆ ಹೋಗಿ, "ನಿಮ್ಮ ಬಾಗಿಲ ದೀಪ ಹತ್ತಿಸಿದ್ದು ಯಾರು?" ಎಂದು ಕೇಳಿದ. ಕೆಲವರು ಹಳೆಯ ಋಣಕ್ಕೆ ತಲೆಯಾಡಿಸಿದರು, ಕೆಲವರು ಪಾಪವೆಂದುಕೊಂಡರು. ಅವನ ಬಾಳಿನಲ್ಲಿ ಅಷ್ಟು ಸುಖದ ದಿನಗಳು ಬೇರೆ ಬರಲಿಲ್ಲ.

ಎಣಿಕೆಯ ದಿನ ಅಧ್ಯಕ್ಷರ ಅಭ್ಯರ್ಥಿ ಗೆದ್ದ. ಅಣ್ಣನಿಗೆ ಬಿದ್ದ ಮತಗಳಲ್ಲಿ ಅರ್ಧ ಬಂದಿದ್ದರೂ ತಂಗಿ ಗೆಲ್ಲುತ್ತಿದ್ದಳು. ಅಧಿಕಾರಿ ಓದಿ ಮುಗಿಸುತ್ತಿದ್ದಂತೆ ವಾಪಸಣ್ಣ ಕೈಯೆತ್ತಿದ.

"ಸಾರ್, ನಂದು ಇನ್ನೊಂದ್ಸಲ ಓದಿ."

ತಪ್ಪೇನಾದರೂ ಆಯಿತೇ ಎಂದು ಗಾಬರಿಯಾಗಿ ಅಧಿಕಾರಿ ಮತ್ತೆ ಓದಿದ. ವಾಪಸಣ್ಣ ಕಣ್ಣು ಮುಚ್ಚಿಕೊಂಡು ಕೇಳಿದ. ತಂಗಿ ಪಕ್ಕದ ಸಾಲಿನಲ್ಲೇ ಕುಳಿತಿದ್ದಳು.

ಹೊರಗೆ ಅಧ್ಯಕ್ಷರ ಕಾರಿನ ಬಳಿ ಗರಿಗರಿ ಅಂಗಿ ತೊಟ್ಟು ಕಾದ. ಅಧ್ಯಕ್ಷರು ಗೆದ್ದವನ ಹೆಗಲ ಮೇಲೆ ಕೈಯಿಟ್ಟುಕೊಂಡು ಬಂದು ಕಾರು ಹತ್ತಿದರು. ಡ್ರೈವರು ಗಾಜಿಳಿಸಿ ತಲೆ ಹೊರಹಾಕಿದ.

"ವಾಪಸಣ್ಣ, ಸಾಹೇಬ್ರ ಅಂಗಿಗಳು ನಾಳೆ ಬೆಳಿಗ್ಗೆಗೆ ಬೇಕಂತೆ."

ಅವನು ಇಸ್ತ್ರಿ ಹಾಕಿಕೊಟ್ಟ.

ವರ್ಷ ತಿರುಗುವ ಮುನ್ನ ಲಾರಿಗಳು ಬಂದವು. ವಾಸನೆ ಮೊದಲು ಗೋಡೆಗೆ, ಆಮೇಲೆ ಬಟ್ಟೆಗೆ ಅಂಟಿತು. ಅಧ್ಯಕ್ಷರು ಅಂಗಿಗಳನ್ನು ಬೇರೆ ಕಡೆಗೆ ಕಳಿಸತೊಡಗಿದರು. ಬೀದಿಯವರು ಬೈಯಲಿಲ್ಲ, ಅವನ ಅಂಗಡಿ ದಾಟಿ ಇನ್ನೊಂದು ಅಂಗಡಿಗೆ ಬಟ್ಟೆ ಹೊತ್ತು ಹೋದರು. ಒಮ್ಮೆ ಅವನೇ ಗೋಧಿ ಡಬ್ಬ ಹಿಡಿದು ಗಿರಣಿಗೆ ಹೋದ.

"ಸರದೀಲಿ ನಿಂತ್ಕೊಳ್ಳಿ," ಎಂದಳು ತಂಗಿ.

"ನನಗಾ ನಿಂತ್ಕೊಳ್ಳಿ ಅಂದಿದ್ದು?"

"ಗಿರಾಕಿಗಳಿಗೆಲ್ಲ ಹಾಗೇ ಅನ್ನೋದು."

ಬೀಸಿಕೊಟ್ಟಳು. ಒಂದು ಹಿಡಿ ಹೆಚ್ಚಲ್ಲ, ಒಂದು ಹಿಡಿ ಕಡಿಮೆಯಲ್ಲ.

ಮುಂದಿನ ಚುನಾವಣೆಗೂ ನಾಮಪತ್ರ ಹಾಕಿದ. ಕಡೆಯ ದಿನ ಬಾಗಿಲಲ್ಲಿ ಕುಳಿತು ಕಾದ; ಕಾರು ಬರಲಿಲ್ಲ. ನಿಲ್ಲು ಎನ್ನುವವರಿಲ್ಲ, ಬೇಡವೆನ್ನುವವರೂ ಇಲ್ಲ. ಹೊತ್ತು ಮೀರುವ ಮುನ್ನ ತಾನೇ ನಡೆದುಹೋಗಿ ಹಿಂದಕ್ಕೆ ಪಡೆದು ಬಂದ. ಅದೇ ಚಳಿಗಾಲದಲ್ಲಿ ಕೆಮ್ಮಿ ಕೆಮ್ಮಿ ಸತ್ತ.

ಅವನು ಬಿಟ್ಟುಹೋದದ್ದು: ಸುಟ್ಟ ಕಲೆಗಳ ಒಂದು ಮೇಜು; ಅರ್ಧ ಚೀಲ ಇದ್ದಿಲು; ಪಕ್ಷದ ಗುಂಪು ಚಿತ್ರವೊಂದರಲ್ಲಿ ಯಾರದೋ ತಲೆಯ ಹಿಂದೆ ಕಾಣುವ ಅವನ ಒಂದು ಕಿವಿ; ನೊಣಕ್ಕೆ ಹೆದರಿ ತಟ್ಟೆಗೆ ಕೈ ಅಡ್ಡ ಹಿಡಿದು ಉಣ್ಣುವ ಹೆಂಡತಿ; ಕೊಳ್ಳಲು ಬಂದವರು ಕಸದ ಗಾಳಿಗೆ ಮೂಗು ಮುಚ್ಚಿ ಬೆಲೆಯನ್ನೂ ಕೇಳದೆ ಹಿಂದಿರುಗುವ, ಮಾರಾಟಕ್ಕಿಟ್ಟ ಅಂಗಡಿ.