ಅಲುಗದ ಬಾಣ

ಎಂಬತ್ತರ ದಶಕದ ಕೊನೆಗೆ ರಾಯಚೂರಿನ ನಮ್ಮ ಕಾಲೇಜಿಗೆ ಹೈದರಾಬಾದಿನಿಂದ ಹಳೆಯ ಯುನಿಕ್ಸ್ ಕಂಪ್ಯೂಟರೊಂದು ಬಂದಿತ್ತು. ಅಕ್ಷರಗಳನ್ನಷ್ಟೇ ತೋರಿಸುತ್ತಿದ್ದ ಅದರ ಪರದೆಯಲ್ಲಿ ಮೌಸಿನಿಂದ ನಡೆಸುವ ‘ವಿಂಡೋ’ ಕಿಟಕಿಗಳನ್ನು ತೆರೆಸಬೇಕೆಂಬ ಹಟ ಲ್ಯಾಬಿನ ಹಿರಿಯ ಸರ್‌ಗೆ. ಮಾನ್ವಿಯಿಂದ ಮೊದಲ ಬಸ್ಸಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು ಕೂರುತ್ತಿದ್ದರು. ಏನು ಕೆಟ್ಟರೂ ಬೈಯುತ್ತಿರಲಿಲ್ಲ. “ಯಾಕಂತ ಅದನ್ನ ಕೇಳೂಣು” ಎಂದು ಯಂತ್ರದತ್ತ ಕಿವಿ ಬಾಗಿಸುತ್ತಿದ್ದರು.

ದಸರಾ ರಜೆ ಮುಗಿದ ದಿನ ಕಿಟಕಿ ತೆರೆಯಿತು. ಆದರೆ ಮೌಸ್ ಎಷ್ಟು ಎಳೆದರೂ ಪರದೆಯ ಬಾಣ ಅಲುಗಲಿಲ್ಲ. ಸಂಜೆಯೊಳಗೆ ನಡೆಯದಿದ್ದರೆ ಯಂತ್ರ ಹೈದರಾಬಾದಿಗೆ ವಾಪಸು ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದರು.

ಮಧ್ಯಾಹ್ನದವರೆಗೆ ಫೈಲುಗಳನ್ನೆಲ್ಲ ತಿದ್ದಿ ಸೋತ ಸರ್, ಮೌಸ್ ಓಡಾಡಲು ಅದರ ಕೆಳಗೆ ಹಾಸಿದ್ದ ತಗಡನ್ನು ಬೆಳಕಿಗೆ ಹಿಡಿದರು. ಅದರ ಸಣ್ಣ ಗೆರೆಗಳನ್ನು ನೋಡಿಯೇ ಆ ಮೌಸ್ ದಾರಿ ತಿಳಿಯಬೇಕು. ಗೆರೆಗಳ ಮೇಲೆ ಮೂರು ಬೆರಳಿನ ವಿಭೂತಿ ಒಣಗಿತ್ತು.

“ಆಯುಧಪೂಜಿ ದಿನ ನಾನೇ ಹಚ್ಚಿದ್ದೆ ಸರ್” ಎಂದೆ. ಆಗಷ್ಟೇ ಕೆಲಸಕ್ಕೆ ಸೇರಿದ್ದ ನನಗೆ ಅಳುವೇ ಬಂದಿತ್ತು.

“ಹೌದೇನ್ರಿ ಮೇಡಂ? ಪಾಪ, ಅದಕ್ಕ ದಾರಿ ಕಂಡಿದ್ದಿಲ್ಲ ನೋಡ್ರಿ.”

ಕರವಸ್ತ್ರದಿಂದ ತಗಡು ಒರೆಸಿ ಮೌಸ್ ಇಟ್ಟರು. ನಾನು ಎಳೆದೆ. ಬಾಣ ಓಡಿತು! ತಿಂಗಳುಗಟ್ಟಲೆ ಕಾದಿದ್ದ ಸರ್ ಅದನ್ನು ನೋಡಲೇ ಇಲ್ಲ. ಕಣ್ಣು ಮುಚ್ಚಿ, ವಿಭೂತಿ ಒರೆಸಿದ ಕರವಸ್ತ್ರವನ್ನು ಮೊದಲು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.