ಹತ್ತು ಎಣಿಸುವಷ್ಟು ಹೊತ್ತು

೨೦೨೨ರ ಬೇಸಿಗೆಯಲ್ಲಿ ಆರು ತಿಂಗಳ ಮಟ್ಟಿಗೆ ಮಗಳು ಶ್ರುತಿಯ ಮನೆಗೆಂದು ಅಮೆರಿಕದ ಏಪೆಕ್ಸ್ ಎಂಬ ಊರಿಗೆ ಹೋಗಿದ್ದೆ. ಮೊಮ್ಮಗಳು ನಿಧಿಗೆ ಆಗ ಎರಡು ವರ್ಷ ತುಂಬಿ ಮೂರು ತಿಂಗಳು. ಮಾತು ಬಂದಿರಲಿಲ್ಲ, ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಆಟಿಸಂ ಎಂದು ಡಾಕ್ಟರು ಆಗಲೇ ಹೇಳಿದ್ದರು. ನಾನು ಹೋಗಿ ತಿಂಗಳಾದರೂ ಮಗು ಒಮ್ಮೆಯೂ ನನ್ನ ಮುಖ ನೋಡಿರಲಿಲ್ಲ. ಅಜ್ಜಿ ಅಂತ ಒಬ್ಬಳು ಬಂದದ್ದೇ ಅವಳಿಗೆ ಗೊತ್ತಾಗದೆ ನಾನು ವಾಪಸು ಹೊರಟುಬಿಡುತ್ತೇನೋ ಎಂದು ಒಳಗೊಳಗೇ ಸಂಕಟ.

ಅದಕ್ಕೇ ಸೇವೆಯಲ್ಲಿ ಒಂದಿಷ್ಟೂ ಕೊರತೆ ಮಾಡಲಿಲ್ಲ. ಮಗು ಫ್ರಿಜ್ ಕಡೆ ವಾಲಿದರೆ ಹಾಲು, ಬಾಗಿಲ ಕಡೆ ಹೊರಳಿದರೆ ಚಪ್ಪಲಿ. ಊಟಕ್ಕೆ ಕೂತರಂತೂ ಒಂದು ತುತ್ತು ನುಂಗುವಷ್ಟರಲ್ಲಿ ಮುಂದಿನದು ಬಾಯಿಯ ಹತ್ತಿರ. ಇಬ್ಬರು ಮಕ್ಕಳನ್ನು ಹೀಗೇ ಸಾಕಿದವಳು ನಾನು, ಹೆಮ್ಮೆ ಬೇರೆ.

ವಾರಕ್ಕೊಮ್ಮೆ ಗ್ರೇಸ್ ಎಂಬ ಥೆರಪಿಸ್ಟ್ ಮನೆಗೇ ಬರುತ್ತಿದ್ದಳು. ಚಿಕ್ಕ ವಯಸ್ಸಿನ ಹುಡುಗಿ. ಮೊದಲ ದಿನ ಬರಿಗೈಯಲ್ಲಿ ಬಂದು, ಶೂ ಬಿಚ್ಚಿಟ್ಟು, ಕಾರ್ಪೆಟ್ ಮೇಲೆ ಮಗುವಿನ ಪಕ್ಕದಲ್ಲಿ ಬೋರಲಾಗಿ ಮಲಗಿಬಿಟ್ಟಳು. ಇದಕ್ಕೂ ಒಂದು ಓದು ಬೇಕೇ ಎಂದುಕೊಂಡೆ. ನಾನು ಊಟ ಮಾಡಿಸುವುದನ್ನು ಪೂರ್ತಿ ನೋಡಿ ಶ್ರುತಿಗೆ ಏನೋ ಹೇಳಿದಳು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಶ್ರುತಿಯೇ ವಿವರಿಸಿದಳು.

"ಅಮ್ಮ, ತುತ್ತು ತೋರಿಸಿ ಹಾಗೇ ನಿಲ್ಲಿಸ್ಬೇಕಂತೆ. ಹತ್ತು ಎಣಿಸೋ ತನಕ ವೇಯ್ಟ್ ಮಾಡ್ಬೇಕಂತೆ. ಅವಳೇ ಕೇಳೋಕೆ ಒಂದು ಚಾನ್ಸ್ ಕೊಡಿ ಅಂತಾಳೆ."

"ಮಾತೇ ಬರದಿರೋ ಮಗು ಏನಂತ ಕೇಳುತ್ತೆ? ಊಟದ ಹೊತ್ತಲ್ಲಿ ಮಗೂನ ಯಾರಾದ್ರೂ ಕಾಯಿಸ್ತಾರೇನೇ?" ನನಗೆ ಸಿಟ್ಟೇ ಬಂದಿತ್ತು.

"ಮಾತಲ್ಲೇ ಕೇಳ್ಬೇಕಂತಿಲ್ವಂತೆ. ಕೈಯಲ್ಲೋ ಕಣ್ಣಲ್ಲೋ, ಹೇಗಾದ್ರೂ ಸರಿ. ಅಪ್‌ಸೆಟ್ ಆದ್ರೆ ತಕ್ಷಣ ಕೊಟ್ಬಿಡಿ ಅಂದ್ಲು."

ಒಲ್ಲದ ಮನಸ್ಸಿನಿಂದ ಒಪ್ಪಿದೆ. ಆದರೆ ಮೂರು ಎಣಿಸುವಷ್ಟರಲ್ಲಿ ಕೈ ತಾನಾಗಿಯೇ ಮಗುವಿನ ಬಾಯಿಗೆ ಹೋಗಿಬಿಡುತ್ತಿತ್ತು. ಎರಡು ವಾರ ಇದೇ ಕಥೆ. "ಥೆರಪಿ ಮೊದಲು ಅಜ್ಜಿ ಕೈಗೆ ಬೇಕು ಅಂತಿದಾಳೆ ಗ್ರೇಸ್" ಎಂದು ಶ್ರುತಿ ನಕ್ಕಳು. ನನಗೂ ನಗು ಬಂತು.

ಮೂರನೇ ವಾರ ಗ್ರೇಸ್ ಬಂದಾಗ ಸಾರನ್ನಕ್ಕೆ ತುಪ್ಪ ಹಾಕಿ ಕಲಸಿದ್ದೆ. ನಾಲ್ಕು ತುತ್ತು ತಿನ್ನಿಸಿ, ಐದನೆಯದನ್ನು ಎತ್ತಿ ಹಿಡಿದು ನಿಲ್ಲಿಸಿದೆ. ಗ್ರೇಸ್ ನೆಲದ ಮೇಲೆ ಕೂತು ಸದ್ದಿಲ್ಲದೆ ಒಂದೊಂದೇ ಬೆರಳು ಬಿಚ್ಚುತ್ತಿದ್ದಳು. ನಿಧಿ ಗೋಡೆ ನೋಡಿದಳು. ಫ್ಯಾನ್ ನೋಡಿದಳು. ಏಳಾಯಿತು, ಎಂಟಾಯಿತು. ಕೈ ಮುಂದೆ ಹೋಗದಂತೆ ತಡೆದು ಹಿಡಿದೆ.

ಆಗ ಮಗುವಿನ ಕಣ್ಣು ತುತ್ತಿಗೆ ಬಂತು. ಅಲ್ಲಿಂದ ನನ್ನ ಬೆರಳಿಗೆ, ಬಳೆಗೆ, ಮೊಣಕೈಗೆ. ನಿಧಾನವಾಗಿ ಮೇಲೇರಿ ನನ್ನ ಮುಖಕ್ಕೆ ಬಂದು ನಿಂತಿತು. ಆ ಪುಟ್ಟ ಕೈ ನನ್ನ ಮಣಿಕಟ್ಟನ್ನು ಹಿಡಿದು ತನ್ನ ಕಡೆಗೆ ಎಳೆಯಿತು. ಮೈ ಜುಮ್ಮೆಂದಿತು. ತಿರುಪತಿಯಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ದರ್ಶನ ಮಾಡಿದಾಗಲೂ ನನಗೆ ಹಾಗಾಗಿರಲಿಲ್ಲ.

"ಅಮ್ಮ, ಕೊಡು. ಕೇಳ್ತಿದಾಳೆ ನೋಡು, ಕೊಡು" ಎಂದಳು ಶ್ರುತಿ. ಆಗಲೇ ನನಗೆ ತುತ್ತಿನ ನೆನಪಾದದ್ದು.

ನಿಧಿಗೆ ಈಗ ಒಂದಷ್ಟು ಪದಗಳು ಬರುತ್ತವೆ, ಹೆಚ್ಚಿನವು ಇಂಗ್ಲಿಷಿನವು. ಕಷ್ಟಗಳೂ ಇವೆ, ಇಲ್ಲವೆನ್ನುವುದಿಲ್ಲ. ಆದರೆ ನಾನು ಇವತ್ತಿಗೂ ನೆನೆಯುವುದು ಆ ದಿನ ಗ್ರೇಸ್ ಹೊರಟು ನಿಂತ ಗಳಿಗೆಯನ್ನು. ಏನಾದರೂ ಹೇಳಬೇಕೆಂದು ಅವಳ ಎರಡೂ ಕೈ ಹಿಡಿದುಕೊಂಡೆ. ಥ್ಯಾಂಕ್ಸ್ ಎಂಬ ಪದ ಸಾಲದೆನಿಸಿತು, ಬೇರೆ ಪದ ಬಾಯಿಗೆ ಬರಲಿಲ್ಲ. ಶ್ರುತಿ ನನ್ನ ಪರವಾಗಿ ಮಾತಾಡಲು ಹೊರಟಳು. ಗ್ರೇಸ್ ತಲೆಯಾಡಿಸಿ ಅವಳನ್ನು ತಡೆದಳು. ಬಾಗಿಲಲ್ಲಿ ನಿಂತು, ನನ್ನ ಮುಖವನ್ನೇ ನೋಡುತ್ತಾ, ಒಂದಿಷ್ಟೂ ಅವಸರವಿಲ್ಲದೆ ನನಗಾಗಿ ಕಾದಳು.